ಗಲ್ಲಾಪೆಟ್ಟಿಗೆಯ ಗಂಟೆ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಮಾತು ನಮ್ಮಲ್ಲಿ ಗಾದೆಯಾಗಿ ನಿಂತಿದೆ. ಹೊರಗಿನ ಕಳ್ಳನಿಗೆ ಬೀಗವುಂಟು, ನಾಯಿಯುಂಟು, ಪಹರೆಯುಂಟು. ಒಳಗಿನವನಿಗೆ ಏನುಂಟು? ಬೀಗದ ಕೈ ಅವನ ಸೊಂಟದಲ್ಲಿಯೇ ಇರುತ್ತದೆ. ನಾಯಿ ಅವನನ್ನು ಕಂಡು ಬಾಲವಾಡಿಸುತ್ತದೆ. ಪಹರೆಯವನು ಎದ್ದುನಿಂತು ನಮಸ್ಕರಿಸುತ್ತಾನೆ. ರಾಜ್ಯಗಳ ವಿಷಯದಲ್ಲಿ ಈ ಅಪಾಯವನ್ನು ಚರಿತ್ರೆ ವಿಸ್ತಾರವಾಗಿ ಬರೆದಿದೆ. ಕೋಟೆಯ ಬಾಗಿಲನ್ನು ಒಳಗಿನಿಂದ ತೆರೆದವರ ಹೆಸರುಗಳು ನಮಗೆ ಶಾಲೆಯ ಪಾಠಗಳಿಂದಲೇ ಪರಿಚಿತ. ಆದರೆ ಬೀದಿಯ ಮೂಲೆಯ ದಿನಸಿ ಅಂಗಡಿಗೂ ಜವಳಿ ಅಂಗಡಿಗೂ ಒಂದು ಕೋಟೆಯುಂಟು, ಅದಕ್ಕೂ ಒಳಬಾಗಿಲುಂಟು. ಅದರ ಚರಿತ್ರೆಯನ್ನು ಬರೆದವರು ವಿರಳ. ಆ ಚರಿತ್ರೆಯ ಒಂದು ಅಧ್ಯಾಯವನ್ನು ಈಗ ನೋಡೋಣ.

ಸಣ್ಣ ವ್ಯಾಪಾರಕ್ಕೆ ಈ ಅಪಾಯ ಏಕೆ ಹೆಚ್ಚು ಎಂಬುದನ್ನು ಮೊದಲು ಗಮನಿಸಬೇಕು. ದೊಡ್ಡ ಸಂಸ್ಥೆಯಲ್ಲಿ ಸರಕಿಗೆ ಬರೆಯುವವನೊಬ್ಬ, ಬಂದ ಸರಕನ್ನು ಎಣಿಸಿಕೊಳ್ಳುವವನೊಬ್ಬ, ಹಣ ಪಡೆಯುವವನೊಬ್ಬ, ಲೆಕ್ಕ ಬರೆಯುವವನು ಮತ್ತೊಬ್ಬ. ಮೂರು ಜನರ ಅಂಗಡಿಯಲ್ಲಿ ಈ ನಾಲ್ಕೂ ಕೆಲಸಗಳು ಒಬ್ಬನ ಕೈಯಲ್ಲಿ ಕೂಡಿಕೊಂಡಿರುತ್ತವೆ. ಅವನು ತಪ್ಪಿದರೆ ತಪ್ಪನ್ನು ತೋರಿಸುವ ಪುಸ್ತಕವನ್ನು ಬರೆಯುವವನೂ ಅವನೇ. ಅಲ್ಲದೆ ದೊಡ್ಡ ಸಂಸ್ಥೆ ನಷ್ಟವನ್ನು ನುಂಗಿ ಮುಂದೆ ನಡೆದೀತು. ಸಣ್ಣ ಅಂಗಡಿ ಬಾಗಿಲು ಹಾಕುತ್ತದೆ, ಅದರೊಡನೆ ಏನೂ ಅರಿಯದ ಇನ್ನಿಬ್ಬರ ಅನ್ನವೂ ಹೋಗುತ್ತದೆ. ಇನ್ನೊಂದು ತೊಡಕುಂಟು. ಸಣ್ಣ ಅಂಗಡಿಯ ಆಳು ಬರಿಯ ಆಳಲ್ಲ. ಅವನು ಊರಿನಿಂದ ಕರೆತಂದ ಹುಡುಗ, ಇಲ್ಲವೇ ಭಾವಮೈದುನನ ಮಗ. ಮನೆಯ ಒಳಗೇ ಎಲೆ ಹಾಕಿಸಿಕೊಂಡು ಉಂಡವನು. ಅವನನ್ನು ಲೆಕ್ಕ ಕೇಳಿದರೆ ಮನಸ್ಸು ಮುರಿಯುತ್ತದೆ, ಕೇಳದಿದ್ದರೆ ಮನೆಯೇ ಮುರಿಯಬಹುದು.

ಈ ಇಕ್ಕಟ್ಟಿಗೆ ನಮ್ಮ ಪೇಟೆಬೀದಿಗಳು ಕಂಡುಕೊಂಡ ಹಳೆಯ ಪರಿಹಾರವೆಂದರೆ ಯಜಮಾನನ ಶರೀರವೇ. ಗಲ್ಲಾದ ಮೇಲೆ ಕೂರುವುದೆಂದರೆ ಒಡೆತನವೆಂದೇ ಅರ್ಥ. ಬೆಳಗಿನಿಂದ ರಾತ್ರಿಯವರೆಗೆ ಧಣಿ ಅಲ್ಲಿಯೇ ಕುಳಿತಿರುತ್ತಾನೆ. ಊಟಕ್ಕೆದ್ದರೆ ಮಗ ಬಂದು ಕೂರುತ್ತಾನೆ. ರಾತ್ರಿ ಕಿರ್ದಿ ಬರೆದು, ಶಿಲ್ಕು ತಾಳೆ ನೋಡಿ, ದೀಪಾವಳಿಗೆ ಹೊಸ ಪುಸ್ತಕಕ್ಕೆ ಕುಂಕುಮವಿಟ್ಟು ಪೂಜೆ ಮಾಡಿದರೆ ವರ್ಷ ಮುಗಿಯಿತು. ಒಳ್ಳೆಯ ಪದ್ಧತಿಯೇ ಸರಿ. ಆದರೆ ಧಣಿಗೆ ಜ್ವರ ಬರುವುದಿಲ್ಲವೇ? ಮದುವೆ, ಮುಂಜಿ, ಕೋರ್ಟು, ಆಸ್ಪತ್ರೆ ಎಂದು ಅವನು ಏಳಲೇಬೇಕಾದ ದಿನಗಳು ಬರುವುದಿಲ್ಲವೇ? ಶರೀರದಿಂದ ಕಾಯುವ ಕಾವಲು ಶರೀರದಷ್ಟೇ ದುರ್ಬಲ.

ಇದೇ ಕಷ್ಟ ಸಾವಿರಾರು ಮೈಲಿಯಾಚೆ ಒಬ್ಬ ಮದ್ಯದಂಗಡಿಯವನಿಗೂ ಬಂತು. ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ ಡೇಟನ್ ಎಂಬ ಊರಿದೆ. ಅಲ್ಲಿ 1871ರಲ್ಲಿ ಜೇಮ್ಸ್ ರಿಟ್ಟಿ ಎಂಬವನು ಒಂದು ಮದ್ಯದಂಗಡಿ ತೆರೆದ. ಗಿರಾಕಿಗಳಿಗೆ ಕೊರತೆಯಿರಲಿಲ್ಲ, ಆದರೂ ಲಾಭ ಕಾಣಲಿಲ್ಲ. ಬಟ್ಟಲು ತುಂಬಿಸಿ ಕೊಡುತ್ತಿದ್ದ ಕೈಗಳೇ ಬಂದ ಹಣದ ಒಂದು ಭಾಗವನ್ನು ತಮ್ಮ ಜೇಬಿಗೆ ಇಳಿಸಿಕೊಳ್ಳುತ್ತಿದ್ದವು. ಅಂದಿನ ಗಲ್ಲಾ ಎಂದರೆ ತೆರೆದಿಟ್ಟ ಒಂದು ಮರದ ಪೆಟ್ಟಿಗೆ. ಅದರೊಳಗೆ ಎಷ್ಟು ಬಿತ್ತು, ಎಷ್ಟು ಬೀಳದೆ ಹೋಯಿತು ಎಂದು ಹೇಳುವ ಬಾಯಿ ಅದಕ್ಕಿರಲಿಲ್ಲ. ಚಿಂತೆಯಿಂದ ಬಳಲಿದ ರಿಟ್ಟಿ 1878ರಲ್ಲಿ ಯೂರೋಪಿನ ಪ್ರವಾಸಕ್ಕೆ ಹಡಗು ಹತ್ತಿದ. ಆ ಉಗಿಹಡಗಿನ ಯಂತ್ರಶಾಲೆಯಲ್ಲಿ ಅವನೊಂದು ಸಾಧನವನ್ನು ಕಂಡನೆಂದು ಹೇಳುತ್ತಾರೆ. ನೀರನ್ನು ತಳ್ಳುವ ಚಕ್ರ ಎಷ್ಟು ಸುತ್ತು ತಿರುಗಿತೆಂಬುದನ್ನು ಅದು ತಾನಾಗಿಯೇ ಎಣಿಸುತ್ತಿತ್ತು. ಚಕ್ರದ ಸುತ್ತನ್ನು ಎಣಿಸಬಹುದಾದರೆ ಗಲ್ಲಾಕ್ಕೆ ಬಿದ್ದ ಹಣವನ್ನೇಕೆ ಎಣಿಸಬಾರದು?

ಊರಿಗೆ ಮರಳಿದ ರಿಟ್ಟಿ ಯಂತ್ರಗಳ ಕೆಲಸ ಬಲ್ಲ ತನ್ನ ಸೋದರ ಜಾನ್‌ನೊಡನೆ ಕುಳಿತು ಪ್ರಯೋಗಗಳನ್ನು ಮಾಡಿದ. 1879ರ ನವೆಂಬರ್ 4ರಂದು ಅವರಿಗೆ ಪೇಟೆಂಟು ದೊರೆಯಿತು. ಯಂತ್ರಕ್ಕೆ ಅವರಿಟ್ಟ ಹೆಸರು ಸ್ವಾರಸ್ಯವಾದದ್ದು. ಕನ್ನಡದಲ್ಲಿ ಹೇಳುವುದಾದರೆ, ‘ರಿಟ್ಟಿಯವರ ಕೆಡಿಸಲಾಗದ ಖಜಾಂಚಿ’. ನೋಡಲು ಗಡಿಯಾರದಂತಿತ್ತು, ಫಲಕದ ಮೇಲೆ ಎರಡು ಮುಳ್ಳುಗಳು. ಒಂದು ಡಾಲರುಗಳನ್ನು ತೋರಿಸುವುದು, ಇನ್ನೊಂದು ಸೆಂಟುಗಳನ್ನು. ಗುಂಡಿಗಳನ್ನು ಒತ್ತಿದರೆ ಮುಳ್ಳುಗಳು ತಿರುಗಿ ಮಾರಾಟದ ಮೊತ್ತ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಹಣವಿಡುವ ಪೆಟ್ಟಿಗೆಯೇ ಅದರಲ್ಲಿ ಇರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಅದು ಕಾಯುತ್ತಿದ್ದದ್ದು ಹಣವನ್ನಲ್ಲ, ಹಣದ ನೆನಪನ್ನು.

ಮುಂದಿನ ವರ್ಷಗಳಲ್ಲಿ ರಿಟ್ಟಿಯ ಕೈಯಲ್ಲೂ ಅವನ ನಂತರದವರ ಕೈಯಲ್ಲೂ ಆ ಯಂತ್ರ ಬೆಳೆಯಿತು. ಬೆಲೆಯನ್ನು ಬರೆದ ಪುಟ್ಟ ಹಲಗೆಗಳು ತಲೆಯ ಮೇಲೆ ಎದ್ದುನಿಂತು ಎದುರಿನ ಗಿರಾಕಿಗೂ ಕಾಣುವಂತಾದವು. ಒಳಗೆ ಕಾಗದದ ಸುರುಳಿ ಬಂತು. ಪ್ರತಿಯೊಂದು ಮಾರಾಟಕ್ಕೂ ಅದರಲ್ಲಿ ಸೂಜಿಯ ರಂಧ್ರ ಬೀಳುತ್ತಿತ್ತು, ರಾತ್ರಿ ಯಜಮಾನ ರಂಧ್ರಗಳನ್ನು ಎಣಿಸಿ ಶಿಲ್ಕಿನೊಡನೆ ತಾಳೆ ನೋಡುತ್ತಿದ್ದ. ಬಳಿಕ ಹಣದ ಖಾನೆ ಕೂಡಿಕೊಂಡಿತು. ಖಾನೆ ತೆರೆದಾಗಲೆಲ್ಲ ಗಂಟೆ ಬಾರಿಸತೊಡಗಿತು. ಆಮೇಲೆ ಗಿರಾಕಿಯ ಕೈಗೆ ಅಚ್ಚಾದ ರಸೀದಿಯೂ ಬಂತು.

ಇದರಲ್ಲಿ ಯಾವುದು ನಿಜವಾದ ಹೊಸತು? ಕಬ್ಬಿಣವೂ ಅಲ್ಲ, ಹಲ್ಲುಚಕ್ರಗಳೂ ಅಲ್ಲ. ಅಂಗಡಿಗೆ ಬಂದ ಪ್ರತಿಯೊಬ್ಬ ಗಿರಾಕಿಯೂ ತನಗರಿವಿಲ್ಲದೆಯೇ ಸಾಕ್ಷಿಯಾದದ್ದು ಹೊಸತು. ಅವನು ಕೊಟ್ಟದ್ದು ಐವತ್ತು, ತಲೆಯ ಮೇಲೆ ಎದ್ದದ್ದು ಇಪ್ಪತ್ತು ಎಂದಾದರೆ ಅವನು ಹುಬ್ಬೇರಿಸದೆ ಬಿಡುವನೇ? ಅದುವರೆಗೆ ಕೊಟ್ಟವನಿಗೂ ಪಡೆದವನಿಗೂ ಮಾತ್ರ ತಿಳಿದಿದ್ದ ವ್ಯವಹಾರ ಈಗ ನಾಲ್ಕು ಜನರ ಮುಂದೆ ಗಂಟೆ ಬಾರಿಸಿಕೊಂಡು ನಡೆಯಿತು. ಧಣಿಯ ಶರೀರ ಮಾಡುತ್ತಿದ್ದ ಕೆಲಸವನ್ನು ಬೆಳಕು ಮತ್ತು ಶಬ್ದಗಳು ವಹಿಸಿಕೊಂಡವು.

ರಿಟ್ಟಿಗೆ ಇದರಿಂದ ದೊಡ್ಡ ಸಂಪತ್ತೇನೂ ಬರಲಿಲ್ಲ. ಅವನು ಹಕ್ಕನ್ನು ಮಾರಿ ತನ್ನ ಮದ್ಯದಂಗಡಿಗೆ ಮರಳಿದ. ಅದರ ಬೆಲೆಯನ್ನು ಅರಿತವನು ಜಾನ್ ಪ್ಯಾಟರ್ಸನ್. ಒಹಾಯೊದ ಗಣಿಯ ಊರೊಂದರಲ್ಲಿ ಅವನ ಕಲ್ಲಿದ್ದಲಿನ ವ್ಯವಹಾರಕ್ಕೆ ಸೇರಿದ ಅಂಗಡಿಯೊಂದಿತ್ತು. ಮಾರಾಟ ಚೆನ್ನಾಗಿದ್ದೂ ಅದು ನಷ್ಟದಲ್ಲಿತ್ತು. ಈ ಯಂತ್ರಗಳನ್ನು ತರಿಸಿದ ಮೇಲೆ ಕೆಲವೇ ತಿಂಗಳುಗಳಲ್ಲಿ ಅಂಗಡಿ ಚೇತರಿಸಿಕೊಂಡಿತು. 1884ರಲ್ಲಿ ಪ್ಯಾಟರ್ಸನ್ ಯಂತ್ರ ತಯಾರಿಸುವ ಸಂಸ್ಥೆಯನ್ನೇ ಕೊಂಡು ಅದಕ್ಕೆ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ಎಂದು ಹೆಸರಿಟ್ಟ. 1906ರಲ್ಲಿ ಅದೇ ಸಂಸ್ಥೆಯ ಚಾರ್ಲ್ಸ್ ಕೆಟರಿಂಗ್ ಯಂತ್ರಕ್ಕೆ ವಿದ್ಯುತ್ತನ್ನು ಜೋಡಿಸಿದ. 1911ರ ಹೊತ್ತಿಗೆ ಮಾರಾಟವಾದ ಯಂತ್ರಗಳ ಸಂಖ್ಯೆ 10 ಲಕ್ಷವನ್ನು ಮುಟ್ಟಿತು.

ಆದರೆ ಈ ವಿಜಯಯಾತ್ರೆಗೆ ಎದುರಾಗಿ ನಿಂತವರನ್ನು ಮರೆಯಬಾರದು. ಗುಮಾಸ್ತರಿಗೂ ಪರಿಚಾರಕರಿಗೂ ಈ ಯಂತ್ರವೆಂದರೆ ಮೈಯುರಿ. ‘ಕಳ್ಳರನ್ನು ಹಿಡಿಯುವ ಪೆಟ್ಟಿಗೆ’ ಎಂದೇ ಅದಕ್ಕೆ ಹೆಸರು ಬಿತ್ತು. ಕಂಪನಿಯಿಂದ ಯಜಮಾನನಿಗೆ ಬಂದ ಪತ್ರಗಳು ಅವನ ಮೇಜು ಸೇರುವ ಮೊದಲೇ ಹರಿದುಹೋಗುತ್ತಿದ್ದವು. ಆದಕಾರಣ ಕಂಪನಿ ತನ್ನ ಹೆಸರಿಲ್ಲದ ಬರಿಯ ಲಕೋಟೆಗಳಲ್ಲಿ ಪತ್ರಗಳನ್ನು ಕಳುಹಿಸತೊಡಗಿತು. ಈ ಪ್ರತಿಭಟನೆಯನ್ನು ಕಳ್ಳರ ಗೊಣಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಹತ್ತು ವರ್ಷ ಒಂದು ಕಾಸೂ ತಪ್ಪದೆ ದುಡಿದವನ ತಲೆಯ ಮೇಲೂ ಅದೇ ಗಂಟೆ ಬಾರಿಸಿತು. ತನ್ನ ಬಗ್ಗೆ ಧಣಿಗೆ ಅನುಮಾನವೆಂದು ಅವನಿಗೆ ನೋವಾದರೆ ಅದು ಸಹಜವಲ್ಲವೇ?

ಕಂಪನಿ ಇದಕ್ಕೆ ಕೊಟ್ಟ ಉತ್ತರ ವ್ಯಾಪಾರದ ಜಾಣ್ಮೆಯಿಂದ ಹುಟ್ಟಿದ್ದಾದರೂ ಅದರಲ್ಲಿ ಸತ್ಯದ ಅಂಶವಿತ್ತು. ಯಂತ್ರವಿಲ್ಲದ ಅಂಗಡಿಯಲ್ಲಿ ಹಣ ಕಡಿಮೆಯಾದರೆ ಅನುಮಾನ ಎಲ್ಲರ ಮೇಲೂ ಬೀಳುತ್ತದೆ. ನಿರಪರಾಧಿಗೆ ತನ್ನ ನಿರಪರಾಧವನ್ನು ತೋರಿಸುವ ದಾರಿಯೇ ಇರುವುದಿಲ್ಲ. ಲೆಕ್ಕವಿಡುವ ಯಂತ್ರ ಕಳ್ಳನಿಗೆ ಎದುರಾಳಿ, ಪ್ರಾಮಾಣಿಕನಿಗೆ ಸಾಕ್ಷಿ. ಸೀತೆಯಂತೆ ಪ್ರತಿಯೊಬ್ಬನೂ ಅಗ್ನಿಪ್ರವೇಶ ಮಾಡಿಯೇ ಶುದ್ಧನೆನಿಸಬೇಕಾದ ಅಂಗಡಿಗಿಂತ, ಒಂದು ಚೀಟಿಯನ್ನು ತೋರಿಸಿ ತಲೆಯೆತ್ತಿ ಮನೆಗೆ ಹೋಗಬಹುದಾದ ಅಂಗಡಿ ಮೇಲು.

ಕೆಡಿಸಲಾಗದ ಖಜಾಂಚಿ ನಿಜಕ್ಕೂ ಕೆಡಲಿಲ್ಲವೇ ಎಂದರೆ, ಹಾಗಲ್ಲ. ಯಂತ್ರಕ್ಕೆ ತಿಳಿಯುವುದು ನಾವು ತಿಳಿಸಿದ್ದಷ್ಟೇ. ಗುಂಡಿಯನ್ನೇ ಒತ್ತದೆ ಹಣ ಪಡೆಯಬಹುದು. ಕಡಿಮೆ ಮೊತ್ತ ಒತ್ತಬಹುದು. ಮಾರಿದ್ದನ್ನು ಗಿರಾಕಿ ಮರಳಿಸಿದನೆಂದು ಬರೆದು ಹಣವನ್ನು ತಾನು ತೆಗೆಯಬಹುದು. ಮನುಷ್ಯನ ಜಾಣತನಕ್ಕೆ ಹಲ್ಲುಚಕ್ರಗಳು ಸಾಲವು. ಈ ಮಾತನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬಲ್ಲ ಗ್ರಂಥವೊಂದು ನಮ್ಮಲ್ಲಿದೆ. ಅದು ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ ಎಂಬುದು ಸಂತೋಷದ ವಿಷಯ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ತಾಳೆಗರಿಯ ಕಟ್ಟನ್ನು ತಂದೊಪ್ಪಿಸಿದರು. ಅಲ್ಲಿದ್ದ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು.

ಕೌಟಿಲ್ಯ ಬರೆದದ್ದು ರಾಜನ ಬೊಕ್ಕಸವನ್ನು ಕುರಿತು, ಅಂಗಡಿಯನ್ನು ಕುರಿತಲ್ಲ. ಆದರೂ ಅಧಿಕಾರಿಗಳು ಅಪಹರಿಸಿದ ಆದಾಯವನ್ನು ಮರಳಿ ಪಡೆಯುವ ಬಗೆಯನ್ನು ಹೇಳುವ ಅವನ ಪ್ರಕರಣವನ್ನು ಇಂದಿನ ಯಾವ ವ್ಯಾಪಾರಿ ಓದಿದರೂ ಬೆಚ್ಚಿಬಿದ್ದಾನು. ಅಲ್ಲಿ ಅವನು ಎಣಿಸುವ ಹರಣೋಪಾಯಗಳು 40. ಮೊದಲು ಬಂದ ಹಣವನ್ನು ತಡವಾಗಿ ಬರೆಯುವುದು, ಪೂರ್ಣವಾಗಿ ಬಂದದ್ದನ್ನು ಅರ್ಧವೆಂದು ತೋರಿಸುವುದು, ಒಬ್ಬನಿಂದ ಬಂದದ್ದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು, ತೂಕ ಅಳತೆಗಳಲ್ಲಿ ವ್ಯತ್ಯಾಸ ಮಾಡುವುದು, ಇತ್ಯಾದಿ. ಇಂದಿನ ಲೆಕ್ಕಪರಿಶೋಧಕರು ಹೊಸ ಹೊಸ ಹೆಸರುಗಳಿಂದ ಕರೆಯುವ ತಂತ್ರಗಳಲ್ಲಿ ಹಲವು ಆ ಪಟ್ಟಿಯಲ್ಲಿ ಆಗಲೇ ಕುಳಿತಿವೆ. ಹಣ ತಿನ್ನುವ ಅಧಿಕಾರಿಯನ್ನು ಹಿಡಿಯುವುದು ಎಷ್ಟು ಕಷ್ಟವೆಂಬುದಕ್ಕೆ ಅವನು ಕೊಡುವ ನೀರಿನೊಳಗಿನ ಮೀನಿನ ಉಪಮೆಯಂತೂ ಪ್ರಸಿದ್ಧವಾಗಿದೆ.

ಅವನ ಪರಿಹಾರಗಳಲ್ಲಿ ಮೂರನ್ನು ನೋಡೋಣ. ಮೊದಲನೆಯದು, ಒಂದೊಂದು ಇಲಾಖೆಗೂ ಹಲವು ಮುಖ್ಯರಿರಬೇಕು, ಅವರಲ್ಲಿ ಯಾರೂ ಒಂದೇ ಸ್ಥಾನದಲ್ಲಿ ಶಾಶ್ವತವಾಗಿ ಕೂರಬಾರದು. ಎರಡನೆಯದು, ಆಷಾಢದಲ್ಲಿ ಲೆಕ್ಕಿಗರೆಲ್ಲ ಮುದ್ರೆಯೊತ್ತಿದ ಪುಸ್ತಕಗಳೊಡನೆ ಬರಬೇಕು. ಬಂದವರು ತಮ್ಮತಮ್ಮೊಳಗೆ ಮಾತಾಡದಂತೆ ನೋಡಿಕೊಳ್ಳಬೇಕು. ಮೂರನೆಯದು, ಅಪಹಾರವನ್ನು ತಿಳಿಸಿ ರುಜುವಾತು ಮಾಡಿದವನಿಗೆ ಆ ಮೊತ್ತದ ಆರನೆಯ ಒಂದು ಪಾಲು, ಅವನು ಸೇವಕನೇ ಆಗಿದ್ದರೆ ಹನ್ನೆರಡನೆಯ ಒಂದು ಪಾಲು ಬಹುಮಾನ. ಸುಳ್ಳು ದೂರು ಕೊಟ್ಟವನಿಗೆ ಶಿಕ್ಷೆ.

ಇವು ಹಳೆಯ ಕಾಲದ ಕಟ್ಟುಪಾಡುಗಳೆಂದು ನಗಬೇಕಾಗಿಲ್ಲ. ಭಾರತೀಯ ರಿಸರ್ವ್ ಬ್ಯಾಂಕು 2021ರಲ್ಲಿ, ಬ್ಯಾಂಕುಗಳ ಸೂಕ್ಷ್ಮ ಹುದ್ದೆಗಳಲ್ಲಿರುವ ನೌಕರರನ್ನು ವರ್ಷಕ್ಕೊಮ್ಮೆ ಮುನ್ಸೂಚನೆಯಿಲ್ಲದೆ ಕನಿಷ್ಠ 10 ಕೆಲಸದ ದಿನಗಳ ರಜೆಯ ಮೇಲೆ ಕಳುಹಿಸಬೇಕೆಂದು ವಿಧಿಸಿತು. ಕೌಟಿಲ್ಯನ ಮೊದಲ ಸೂತ್ರದ ನೆರಳು ಇದರಲ್ಲಿ ಕಾಣುವುದಿಲ್ಲವೇ? ಒಂದು ದಿನವೂ ರಜೆ ಕೇಳದ ಗುಮಾಸ್ತನನ್ನು ನಾವು ಹೊಗಳುತ್ತೇವೆ. ಹೊಗಳಿಕೆ ಸರಿಯೇ, ಆದರೆ ಅವನು ಎದ್ದು ಹೋದ ದಿನ ಬೇರೊಬ್ಬನ ಕಣ್ಣು ಪುಸ್ತಕದ ಮೇಲೆ ಬೀಳುತ್ತದೆ ಎಂಬುದೂ ಅಷ್ಟೇ ಸತ್ಯ. ಇನ್ನು ಮೂರನೆಯ ಸೂತ್ರ. ಅಮೆರಿಕದ ವಂಚನಾ ಪರಿಶೋಧಕರ ಸಂಘ ಪ್ರಪಂಚದ ನಾನಾ ದೇಶಗಳ ಪ್ರಕರಣಗಳನ್ನು ಕೂಡಿಸಿ 2024ರಲ್ಲಿ ಹೊರತಂದ ವರದಿಯಂತೆ, ಒಳಗಿನವರ ವಂಚನೆಗಳಲ್ಲಿ ಶೇಕಡಾ 43ರಷ್ಟು ಬಯಲಾದದ್ದು ಯಾರೋ ಬಂದು ತಿಳಿಸಿದ್ದರಿಂದ. ಹಾಗೆ ತಿಳಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜೊತೆಯ ನೌಕರರು. ಆದ್ದರಿಂದ ಬೇಲಿಯನ್ನು ಕಾಯುವವರೂ ಒಳಗೇ ಇದ್ದಾರೆ. ಅವರು ನಿರ್ಭಯವಾಗಿ ಬಂದು ಮಾತಾಡುವ ಬಾಗಿಲೊಂದನ್ನು ಯಜಮಾನ ತೆರೆದಿಡಬೇಕು, ಅಷ್ಟೆ.

ಇಲ್ಲಿಯವರೆಗೆ ಕಳವಿನ ಬಗೆಯನ್ನು ಕುರಿತು ಹೇಳಿದ್ದಾಯಿತು, ಕದ್ದವನ ಮನಸ್ಸೇನು? ಡೊನಾಲ್ಡ್ ಕ್ರೆಸಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಜೈಲುಗಳಿಗೆ ಹೋಗಿ, ನಂಬಿಕೆಯ ಹಣವನ್ನು ತಿಂದು ಶಿಕ್ಷೆ ಅನುಭವಿಸುತ್ತಿದ್ದವರೊಡನೆ ಮಾತಾಡಿ, 1953ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರು ಕಂಡದ್ದು ಹುಟ್ಟುಕಳ್ಳರನ್ನಲ್ಲ. ಅವರು ಮಾತಾಡಿಸಿದವರ ಕಥೆಗಳಲ್ಲಿ ಮೂರು ಎಳೆಗಳು ಕೂಡಿಬಂದಿದ್ದವು. ಯಾರೊಡನೆಯೂ ಹೇಳಿಕೊಳ್ಳಲಾಗದ ಹಣದ ಕಷ್ಟ ಒಂದು; ಯಾರಿಗೂ ತಿಳಿಯದಂತೆ ಹಣ ತೆಗೆಯಬಹುದಾದ ಅವಕಾಶ ಇನ್ನೊಂದು; ತೆಗೆದದ್ದು ಕಳವಲ್ಲವೆಂದು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ ಮೂರನೆಯದು. ಇದು ಸಾಲ, ಬರುವ ತಿಂಗಳು ಇಟ್ಟುಬಿಡುತ್ತೇನೆ ಎಂಬುದು ಆ ಸಮಾಧಾನದ ಸಾಮಾನ್ಯ ರೂಪ. ಬರುವ ತಿಂಗಳು ಬರುತ್ತದೆ, ಹಣ ಬರುವುದಿಲ್ಲ.

ಇದನ್ನು ಓದಿದಾಗ ಸಣ್ಣ ವ್ಯಾಪಾರಿಯ ಕರ್ತವ್ಯ ಸ್ಪಷ್ಟವಾಗುತ್ತದೆ. ಮೂರು ಎಳೆಗಳಲ್ಲಿ ಎರಡು ಅವನ ಕೈಯಲ್ಲಿವೆ. ಅವಕಾಶವನ್ನು ಮುಚ್ಚುವುದು ಒಂದು. ಮಗಳ ಮದುವೆಯ ಸಾಲವನ್ನೋ ತಾಯಿಯ ಔಷಧದ ಖರ್ಚನ್ನೋ ಆಳು ಬಂದು ಹೇಳಿಕೊಳ್ಳುವಂತೆ ಕಿವಿಯನ್ನು ತೆರೆದಿಡುವುದು ಇನ್ನೊಂದು. ಯಜಮಾನನ ಮುಖ ನೋಡಿಯೇ ಬಾಯಿ ಕಟ್ಟುವ ಅಂಗಡಿಯಲ್ಲಿ ಕಷ್ಟ ಗಲ್ಲಾದ ಕಡೆಗೆ ತಿರುಗುತ್ತದೆ. ನೂರು ರೂಪಾಯಿ ಮುಂಗಡ ಕೊಡಲಾರದವನು ಸಾವಿರ ಕಳೆದುಕೊಂಡದ್ದುಂಟು.

ಯಜಮಾನನ ಮಾತು ಬಂದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಒಳಗಿನವನೆಂದರೆ ಯಾವಾಗಲೂ ಆಳು ಮಾತ್ರವೇ? ಗುಮಾಸ್ತರಿಗೆ ಪ್ರಾಮಾಣಿಕತೆಯ ಪಾಠ ಹೇಳಿದ ಪ್ಯಾಟರ್ಸನ್ ಮತ್ತು ಅವನ ಹಲವು ಅಧಿಕಾರಿಗಳು ಪ್ರತಿಸ್ಪರ್ಧಿಗಳನ್ನು ಅಕ್ರಮವಾಗಿ ಮುಗಿಸಲೆತ್ನಿಸಿದರೆಂದು 1913ರಲ್ಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ಸಾರಿತು. 1915ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತೆಂಬುದನ್ನೂ ಹೇಳಬೇಕು. ಮುಂದೆ ಯಂತ್ರದ ಹೊಟ್ಟೆಯಲ್ಲಿ ಕಂಪ್ಯೂಟರ್ ಸೇರಿದಾಗ, ಮಾರಾಟದ ನೆನಪನ್ನು ಅಳಿಸಿಹಾಕುವ ತಂತ್ರಾಂಶಗಳು ಕೆಲವು ದೇಶಗಳಲ್ಲಿ ಹುಟ್ಟಿದವು. ಅವನ್ನು ಕೊಂಡವರು ಗುಮಾಸ್ತರಲ್ಲ. ತೆರಿಗೆ ತಪ್ಪಿಸಬಯಸಿದ ಯಜಮಾನರು. ಆದುದರಿಂದಲೇ ಸರ್ಕಾರಗಳು ಗಲ್ಲಾಪೆಟ್ಟಿಗೆಯ ಕಡೆಗೆ ಕಣ್ಣು ತಿರುಗಿಸಿದವು. ಇಟಲಿ 1983ರ ಕಾನೂನಿನಿಂದ ರಸೀದಿಯನ್ನು ಕಡ್ಡಾಯ ಮಾಡಿತು. ಜರ್ಮನಿ 2020ರ ಜನವರಿಯಿಂದ ವಿದ್ಯುನ್ಮಾನ ಗಲ್ಲಾವುಳ್ಳ ಅಂಗಡಿಗಳು ಪ್ರತಿಯೊಂದು ಮಾರಾಟಕ್ಕೂ ರಸೀದಿ ಕೊಡಬೇಕೆಂದು ವಿಧಿಸಿತು. ಆಳಿನ ಮೇಲೆ ಕಣ್ಣಿಡಲು ಬಂದ ಗಂಟೆ ಕಾಲಕ್ರಮದಲ್ಲಿ ಧಣಿಯ ತಲೆಯ ಮೇಲೂ ಬಾರಿಸಿತು. ಎರಡು ಲೆಕ್ಕ ಇಡುವ ಯಜಮಾನನ ಅಂಗಡಿಯಲ್ಲಿ ಆಳು ಮೂರನೆಯ ಲೆಕ್ಕವೊಂದನ್ನು ಕಲಿತರೆ ಆಶ್ಚರ್ಯವೇನು? ಕಲಿಸಿದ ಗುರು ಎದುರಿಗೇ ಕುಳಿತಿದ್ದಾನೆ.

ಇಂದು ನಮ್ಮ ಊರುಗಳಲ್ಲಿ ಆ ಗಂಟೆ ಮತ್ತೊಂದು ಅವತಾರವೆತ್ತಿದೆ. 2016ರಲ್ಲಿ ಯುಪಿಐ ಬಂದ ಮೇಲೆ ಎಳನೀರು ಮಾರುವವರ ಗಾಡಿಯಲ್ಲೂ ಚೌಕಳಿ ಚಿತ್ರದ ಹಲಗೆ ನೇತಾಡುತ್ತದೆ. ಪಕ್ಕದ ಪುಟ್ಟ ಪೆಟ್ಟಿಗೆ ಬಂದ ಹಣದ ಮೊತ್ತವನ್ನು ಕನ್ನಡದಲ್ಲಿಯೇ ಕೂಗಿ ಹೇಳುತ್ತದೆ. ಡೇಟನ್ನಿನ ಗಂಟೆಗೆ ಈಗ ಮಾತು ಬಂದಿದೆ ಎನ್ನೋಣ. ಆದರೆ ಹೊಸ ಬೀಗದೊಡನೆ ಹೊಸ ಕಳ್ಳಗೈಯೂ ಹುಟ್ಟುತ್ತದೆ. ಅಂಗಡಿಯ ಹಲಗೆಯ ಮೇಲೆ ಬೇರೊಬ್ಬರ ಕ್ಯೂಆರ್ ಚೀಟಿಯನ್ನು ಅಂಟಿಸಿದ ಪ್ರಕರಣಗಳು ವರದಿಯಾಗಿವೆ. ಕಂಪ್ಯೂಟರಿನ ಗುಪ್ತಪದವೊಂದನ್ನು ಅಂಗಡಿಯ ಎಲ್ಲರೂ ಬಳಸಿದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ. ಕೆಲಸ ಬಿಟ್ಟುಹೋದವನ ಗುಪ್ತಪದವನ್ನು ಅಳಿಸದಿದ್ದರೆ ಅವನು ಬೀಗದ ಕೈ ಕೊಂಡೇ ಹೋದಂತೆ. ಹಿಂದೆ ಕದಿಯುವುದಕ್ಕೆ ಶಿಲ್ಕು ಮಾತ್ರ ಇತ್ತು. ಈಗ ಗಿರಾಕಿಗಳ ಹೆಸರು, ದೂರವಾಣಿ, ಬಾಕಿಯ ವಿವರ ಎಲ್ಲವೂ ಜೇಬಿನಲ್ಲಿ ಹೊರಡಬಲ್ಲವು.

ಕಾಲ ಬದಲಾದರೂ ತತ್ತ್ವ ಬದಲಾಗಿಲ್ಲ. ಹಣ ಪಡೆಯುವವನೇ ಲೆಕ್ಕದ ಏಕೈಕ ಲೇಖಕನಾಗಬಾರದು. ಸಂಜೆಯ ಶಿಲ್ಕನ್ನು ಇಬ್ಬರು ಎದುರುಬದುರು ಕುಳಿತು ಎಣಿಸಬೇಕು. ಬ್ಯಾಂಕಿನ ಲೆಕ್ಕಪಟ್ಟಿಯನ್ನು ಯಜಮಾನನೇ ತೆರೆದು ಓದಬೇಕು. ತಿಂಗಳಿಗೊಮ್ಮೆ ದಾಸ್ತಾನನ್ನು ಪುಸ್ತಕದೊಡನೆ ತಾಳೆ ನೋಡಬೇಕು. ಎಲ್ಲರಿಗೂ ಅವರವರದೇ ಗುಪ್ತಪದ, ಎಲ್ಲರಿಗೂ ವರ್ಷಕ್ಕೊಮ್ಮೆ ರಜೆ. ಮುಖ್ಯವಾದ ಮಾತೆಂದರೆ, ಈ ನಿಯಮಗಳನ್ನು ಅಂಗಡಿ ತೆರೆದ ಮೊದಲ ದಿನವೇ, ಯಾರ ಮೇಲೂ ಅನುಮಾನ ಹುಟ್ಟುವ ಮುನ್ನವೇ ಮಾಡಬೇಕು. ಮಗನಿಗೂ ಭಾವಮೈದುನನಿಗೂ ತನಗೂ ಅವು ಒಂದೇ ಆಗಿರಬೇಕು. ಹಣ ಕಳೆದ ಮೇಲೆ ಮಾಡಿದ ನಿಯಮ ಆರೋಪವಾಗುತ್ತದೆ. ಮೊದಲೇ ಮಾಡಿದ ನಿಯಮ ಬರಿಯ ಪದ್ಧತಿ. ಪದ್ಧತಿಯಿಂದ ಯಾರ ಮಾನಕ್ಕೂ ಕುಂದಿಲ್ಲ.

ನಂಬಿಕೆಯಿಲ್ಲದೆ ಸಣ್ಣ ವ್ಯಾಪಾರ ಒಂದು ದಿನವೂ ನಡೆಯದು. ಆದರೆ ಲೆಕ್ಕ ನೋಡದೆ ಇಡುವ ನಂಬಿಕೆಯನ್ನು ನಾವು ಔದಾರ್ಯವೆಂದು ಭಾವಿಸಿದ್ದೇವೆ. ಹೆಚ್ಚಿನ ವೇಳೆ ಅದು ಯಜಮಾನನ ಆಲಸ್ಯ. ಅದರ ಭಾರವನ್ನು ಹೊರುವವನು ಬಡ ಗುಮಾಸ್ತ. ಕಷ್ಟದ ದಿನವೊಂದರಲ್ಲಿ ತೆರೆದ ಪೆಟ್ಟಿಗೆಯ ಮುಂದೆ ಒಬ್ಬನನ್ನೇ ನಿಲ್ಲಿಸಿ ಹೊರಟುಹೋಗುವುದು ಅವನಿಗೆ ತೋರುವ ವಿಶ್ವಾಸವಲ್ಲ. ಆ ದಿನ ಅವನು ಕೈ ಚಾಚದಂತೆ, ಚಾಚದಿದ್ದುದನ್ನು ನಾಳೆ ನಾಲ್ಕು ಜನರ ಮುಂದೆ ತೋರಿಸಬಲ್ಲಂತೆ ಏರ್ಪಾಡು ಮಾಡಿಟ್ಟು ಹೋಗುವವನೇ ಆಳನ್ನು ನಿಜವಾಗಿ ನಂಬಿದ ಯಜಮಾನ.